ಹಚ್ಚಿ ನೋಡಬ್ಯಾಡ್ರಿ, ಹಂಗೇ ಒಯ್ರಿ!

ಕಳ್ಳರಿಗಿ ಹೆದರಿ ತಮ್ಮ ಮನಿ ತಾವೇ ಖಾಲಿ ಮಾಡಿದವರನ್ನ ನೋಡೀರೇನ್ರಿ? ನಾಶಿಕದಾಗ ನಮ್ಮ ಕಾಕಾ ಇದ್ದಾರ, ಬಂದು ನೋಡ್ರಿ!

ಕಾಕುಗ ಲಕ್ವಾ ಹೊಡದು ಹಾಸಿಗಿ ಹಿಡದಾಳ. ಮನ್ಯಾಗಿನ ವ್ಯಾಕ್ಯೂಮ್ ಕ್ಲೀನರ್ ಗುರ್ ಅಂದ್ರ ಸಾಕು, ಬೆದರಿ ನಡುಗ್ತಾಳ. ಅದಕ್ಕ ಮಾರಿಬಿಡೂಣು ಅಂದ್ರು ಕಾಕಾ. ಮೊಬೈಲ್‌ನ್ಯಾಗ ಮಾರಾಟಕ್ಕದ ಅಂತ ಫೋಟೋ ಹಾಕಿದಾಕಿ ನಾನೇ, ಅನುಭವಿಸಿದಾಕೀನೂ ನಾನೇ!

ಫೋಟೋ ಹಾಕಿದ್ದೇ ತಡ, ಕಾಕಾನ ಎದಿ ಢವಢವ. "ಕೊಳ್ಳಾಕ ಅಂತ ಬಂದಾಂವ ಮನಿ ನೋಡ್ಕೊಂಡು ಹೋಗಿ, ಆಮ್ಯಾಲ ಕದಿಯಾಕ ಬಂದ್ರ?" ಅಂದವರೇ ಟಿವಿ, ಮಿಕ್ಸರ್, ಕುರ್ಚಿ ಎಲ್ಲಾ ಹೊತ್ತು ಕಾಕುನ ಖೋಲಿಗಿ ತುಂಬಿದ್ರು. ಹಾಲ್‌ನ್ಯಾಗ ಉಳದದ್ದು ಮಷೀನ್ ಒಂದೇ!

ಮೊದಲು ಸಂಭಾಜಿನಗರದಿಂದ ಬದಲಿ ಆಗಿ ಬಂದ ಗಂಡ-ಹೆಂಡ್ತಿ ಬಂದ್ರು.

"ಚಾಲೂ ಮಾಡಿ ತೋರಸ್ರಿ."

"ಹಚ್ಚಿ ನೋಡಬ್ಯಾಡ್ರಿ, ಹಂಗೇ ಒಯ್ರಿ! ಭಾಳ ಛಲೋ ಅದ!" ಅಂದ್ರು ಕಾಕಾ.

ಅಲ್ರೀ, ಹಚ್ಚದ ಮಷೀನ್ ಯಾರು ಕೊಳ್ತಾರ? ಖರೇ ಹೇಳಿಬಿಡ್ರಿ ಕಾಕಾ ಅಂದೆ. ನನ್ನ ಕಿವ್ಯಾಗ ಪಿಸುಗುಟ್ಟಿದ್ರು: "ಹುಚ್ಚಿ! ಹೆಂಡ್ತಿ ಏಳಂಗಿಲ್ಲ ಅಂತ ಕಂಡವರಿಗಿ ಸಾರ್ಲೇನು? ನಾ ಔಷಧ ತರಾಕ ಹೋದಾಗ ಬಾಗಿಲು ಮುರದ್ರ, ಆಕಿಗಿ ಓಡಾಕ ಬರ್ತದೇನು?"

ಮಷೀನ್ ಕೆಟ್ಟದ ಅಂತ ತಿಳದು ಅವರು ಹೋದ್ರು.

ಆಮ್ಯಾಲ ಬಂದಾಕಿ ಚಾಂದವಡದ ಒಬ್ಬ ಹೆಣ್ಮಗಳು. ಜಬರದಸ್ತ್! ಖಾಲಿ ಹಾಲ್ ನೋಡಿ ಕಣ್ಣಾಗ ನೀರು ತಂದಳು. "ಅಯ್ಯೋ ಕಾಕಾ, ಎಲ್ಲಾ ಮಾರಿ ಇದೊಂದೇ ಉಳದದೇನ್ರಿ?"

ಒಳಗಿಂದ ಕಾಕು ಒದರಿದಳು: "ಆಕಿಗಿ ಒಂದು ಕುರ್ಚಿ ಕೊಡ್ರೀ! ಮನ್ಯಾಗಿನ ಕುರ್ಚಿ ಎಲ್ಲಾ ನನ್ನ ಮ್ಯಾಲ ಹೇರೀರಿ!"

ಕಾಕಾನ ಮಾರಿ ಬಿಳಿಚಿತು. ಹೆಣ್ಮಗಳು ಪ್ಲಗ್ ಹಿಡದು ನಿಂತಳು. "ಹಚ್ಚಿ ನೋಡ್ದೇ ನಾ ಒಯ್ಯಾಕಿ ಅಲ್ಲ!"

ಕಾಕಾ ಆಕಿನ್ನ ನೋಡಿದ್ರು, ಒಳಗಿನ ಬಾಗಿಲು ನೋಡಿದ್ರು. ಒಮ್ಮಿಗೇ ಗುರುತಿಲ್ಲದ ಹೆಂಗಸು, ತೆರೆದ ಮನಿ ಎಲ್ಲಾ ಬಿಟ್ಟು ಒಳಗ ಓಡಿದ್ರು.

"ಹಾಂ, ಈಗ ಹಚ್ರಿ!"

ಗುರ್ರ್ರ್!

ನಾ ಹಣಿಕಿ ನೋಡ್ದೆ. ಕುರ್ಚಿಗಳ ಸಂದಿಯೊಳಗ ಕಾಕಾ ಮೊಣಕಾಲೂರಿ ಕೂತು, ಎರಡೂ ಅಂಗೈಲೆ ಕಾಕುನ ಕಿವಿ ಮುಚ್ಚಿದ್ರು. ಕಾಕು ಅವರನ್ನೇ ನೋಡ್ತಿದ್ದಳು. ನಡುಗ್ತಿದ್ದವರು ಕಾಕಾ!

ಹೆಣ್ಮಗಳು ರೊಕ್ಕ ಇಟ್ಟು, ಮಷೀನ್ ಎತ್ಕೊಂಡು ಲಿಫ್ಟ್‌ನ್ಯಾಗ ಇಳದು ಹೋದಳು.

"ಹೋದಳ್ರೀ, ಕೈ ತೆಗೀರಿ," ಅಂದಳು ಕಾಕು.

"ತಡಿ ತಡಿ," ಅಂದ್ರು ಕಾಕಾ, "ತೆಳಗ ಹೋಗಿ ಇನ್ನೊಮ್ಮಿ ಹಚ್ಚಿ ನೋಡಿದ್ರ?"