ಕ್ಯಾಸೆಟ್ಟಿನಲ್ಲಿ ಉಳಿದ ಉತ್ತರ

ಸ್ಟಾಕ್‌ಪೋರ್ಟಿನ ಭಾನುವಾರದ ಕಾರ್ ಬೂಟ್ ಸೇಲಿನಲ್ಲಿ, ಜನ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವ ಆ ಸಂತೆಯಲ್ಲಿ, ಬಾಯಿ ಒಡೆದ ಟೀಪಾಟುಗಳ ನಡುವೆ ಆ ಹಳೇ ಕಂಪ್ಯೂಟರ್ ಕಂಡಿದ್ದೇ ತಡ, ಇಂದುಶೇಖರ ಅದನ್ನು ಕೂಸಿನಂತೆ ಎತ್ತಿಕೊಂಡು ಮನೆಗೆ ಬಂದ.

ಬರ್ಚ್‌ವುಡ್ಡಿನ ಆಫೀಸಿನಲ್ಲಿ ದಿನವಿಡೀ ಹೊಸ ಕಂಪ್ಯೂಟರುಗಳ ಮುಂದೆ ಕೂರುವವನಿಗೆ ಈ ಮುದಿ ಯಂತ್ರದ ಮೇಲೇಕೆ ಮೋಹ ಅಂತೀರಾ? ಜಲಜಾ! ಹದಿನಾರು ವರ್ಷದ ಹಿಂದೆ ದಾವಣಗೆರೆಯ ಕಾಲೇಜಿಗೆ ಇಂಥದ್ದೇ ಒಂದು ಬಂದಿತ್ತು. ಅದಕ್ಕೆ ಟಿವಿಯೇ ಪರದೆ. ಬರೆದದ್ದು ಉಳಿಯಬೇಕೆಂದರೆ ಹಾಡಿನ ಕ್ಯಾಸೆಟ್ಟಿಗೇ ತುಂಬಿಸಬೇಕು. ಇಂದುಶೇಖರ ಅದರಲ್ಲೊಂದು ಪ್ರೋಗ್ರಾಂ ಬರೆದು, ಸಹಪಾಠಿ ಜಲಜಾಳನ್ನು ಮದುವೆಯಾಗ್ತೀಯಾ ಎಂದು ಕೇಳಿದ್ದ. ನೇರ ಕೇಳುವ ಎದೆಗಾರಿಕೆ ಇದ್ದಿದ್ದರೆ ಕಂಪ್ಯೂಟರ್ ಯಾಕೆ ಬೇಕಿತ್ತು? ಅವಳು ಉತ್ತರ ಟೈಪ್ ಮಾಡಿ, ಕ್ಯಾಸೆಟ್ಟಿಗೆ ತುಂಬಿಸಿ, ಅವನ ಕೈಗಿಟ್ಟು ಓಡಿಹೋದಳು. ಅವನು ಓದುವಷ್ಟರಲ್ಲಿ ಯಂತ್ರ ಹೊಗೆಯಾಡಿ ಸತ್ತಿತು. ಬಿಡಿಭಾಗ ಇಂಗ್ಲೆಂಡಿನಿಂದಲೇ ಬರಬೇಕು ಎಂದರು. ಅದು ಬರಲಿಲ್ಲ. ಪರೀಕ್ಷೆ ಮುಗಿಯಿತು, ಜಲಜಾ ಊರಿಗೆ ಹೋದಳು, ಕೊನೆಗೆ ಇಂದುಶೇಖರನೇ ಇಂಗ್ಲೆಂಡಿಗೆ ಬಂದ. ಕ್ಯಾಸೆಟ್ಟೂ ಜೊತೆಗೆ ಬಂತು.

ಹೂಂ ಅಂದಿದ್ದಳೋ, ಉಹೂಂ ಅಂದಿದ್ದಳೋ? ಅದೊಂದು ಗೊತ್ತಾದರೆ ಸಾಕಿತ್ತು ಅವನಿಗೆ.

ಹೆಂಡತಿ ಪ್ರಭಾವತಿ ಲೀಡ್ಸಿನಲ್ಲಿ ಯಾರದೋ ನಾಮಕರಣಕ್ಕೆ ಹೊರಟಿದ್ದಳು. ಇದೇ ಸಮಯವೆಂದು ಅವನು ಕಂಪ್ಯೂಟರಿನಿಂದ ಟಿವಿಗೂ ಟೇಪ್ ಪ್ಲೇಯರಿಗೂ ವೈರು ಸಿಕ್ಕಿಸಿ ಕ್ಯಾಸೆಟ್ ಹಾಕಿದ. ಅಷ್ಟರಲ್ಲಿ ಬಾಗಿಲು ತೆರೆಯಿತು.

"ರೈಲೇ ಇಲ್ಲವಂತೆ, ಹಳಿ ರಿಪೇರಿ! ಪುಣ್ಯಕ್ಕೆ ಡಾಕ್ಟರು ಕಾರಲ್ಲಿ ಸಿಕ್ಕಿದ್ರು," ಎಂದಳು ಪ್ರಭಾವತಿ. ಹಿಂದೆಯೇ ಪಕ್ಕದ ಬೀದಿಯ ಡಾಕ್ಟರು ಸೋಮಲಿಂಗಪ್ಪ, ಅವರ ಹೆಂಡತಿ ವಸುಂಧರಾ.

"ಇಂಡಿಯಾ ಮ್ಯಾಚ್ ಹಾಕ್ರಿ ಮೊದ್ಲು," ಎಂದು ಡಾಕ್ಟರು ಸೋಫಾದಲ್ಲಿ ಕೂತೇಬಿಟ್ಟರು. ಟಿವಿಯಲ್ಲಿ ಮ್ಯಾಚಿಲ್ಲ. ಟೇಪ್ ಮಾತ್ರ ಕೀ ಕೀ ಎಂದು ಕಿರುಚುತ್ತಿದೆ.

"ಏನ್ರೀ ಇದು?"

"ನನ್ನ ಮೊದಲ ಪ್ರೋಗ್ರಾಂ... ಆಮೇಲೆ ನೋಡೋಣ ಬಿಡಿ," ಎಂದು ಇಂದುಶೇಖರ ತೊದಲಿದ.

"ಆಮೇಲೆ ಯಾಕೆ? ನಾವೂ ನೋಡ್ತೀವಿ. ಪಾಪ, ಗಂಟಲು ಕಟ್ಟಿದೆ ಇದಕ್ಕೆ," ಎಂದ ಡಾಕ್ಟರು ವಾಲ್ಯೂಮ್ ತಿರುಗಿಸಿದರು. ಆ ಸದ್ದನ್ನೇ ಓದುತ್ತಿದ್ದ ಕಂಪ್ಯೂಟರಿನಲ್ಲಿ ಲೋಡಾಗುವುದು ನಿಂತಿತು. ಗಾಬರಿಯಲ್ಲಿ ಅವರೇ ಇನ್ನೊಂದು ಗುಂಡಿ ಒತ್ತಿದರು. ಪ್ಲೇಯರ್ ಟೇಪನ್ನು ಶಾವಿಗೆಯಂತೆ ಹೊರಗೆ ಕಾರಿತು.

ಇಂದುಶೇಖರನ ಕಣ್ಣಲ್ಲಿ ನೀರೇ ಬಂತು.

"ಅಯ್ಯೋ, ಅಷ್ಟಕ್ಕೆ ಕಣ್ಣೀರಾ? ಒಂದು ಪೆನ್ಸಿಲ್ ಕೊಡಿ," ಎಂದ ವಸುಂಧರಾ ಟೇಪನ್ನು ನಾಜೂಕಾಗಿ ಸುತ್ತಿಕೊಟ್ಟರು. "ಹಾಕಿ, ಹಾಕಿ," ಎಂದು ಪ್ರಭಾವತಿಯೂ ಹುರಿದುಂಬಿಸಿದಳು. ಬೇಡವೆಂದರೆ ಅನುಮಾನ, ಹಾಕಿದರೆ ಅವಮಾನ. ಆದರೂ ಹದಿನಾರು ವರ್ಷದ ಆಸೆ ಕೇಳಬೇಕಲ್ಲ! ಪ್ಲೇ ಗುಂಡಿ ಒತ್ತಿದ.

ಈ ಸಲ ಲೋಡಾಯಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕನ್ನಡ ಮೂಡಿತು. ಪ್ರಭಾವತಿಯೇ ಗಟ್ಟಿಯಾಗಿ ಓದಿದಳು:

"ಜಲಜಾ, ನನ್ನ ಮದುವೆ ಆಗ್ತೀಯಾ?"

ಕೆಳಗೆ ಉತ್ತರ ಬಂತು. ಅದನ್ನೂ ಅವಳೇ ಓದಿದಳು.

"ನಾಳೆ ಬೆಳಿಗ್ಗೆ ಇಲ್ಲೇ ಇರ್ತೀನಿ. ಬಾ. ಎದುರಿಗೆ ಕೇಳು, ಹೇಳ್ತೀನಿ."

ಇಂದುಶೇಖರ ಹಾಗೇ ನೆಲದ ಮೇಲೆ ಕುಸಿದ. ಆ ಬೆಳಿಗ್ಗೆ ಸತ್ತ ಯಂತ್ರದ ಪಕ್ಕ ಕೂತು, ಬಾಗಿಲನ್ನೇ ನೋಡುತ್ತಿದ್ದ ಜಲಜಾ ಕಣ್ಣಿಗೆ ಕಟ್ಟಿದಳು. ಹೂಂ ಅಲ್ಲ, ಉಹೂಂ ಅಲ್ಲ. ಇನ್ನು ಕೇಳಲು ಬೇರೆ ಕ್ಯಾಸೆಟ್ಟೂ ಇಲ್ಲ.

ಡಾಕ್ಟರು ಮ್ಯಾಚಿನ ಸುದ್ದಿಯನ್ನೇ ಮರೆತಿದ್ದರು. ಪ್ರಭಾವತಿ ಮಾತ್ರ ಸಮಾಧಾನವಾಗಿ ಕೇಳಿದಳು:

"ಮಾರನೇ ದಿನ ಹೋಗಿದ್ರಾ?"

"ಇಲ್ಲ ಕಣೇ... ಕಂಪ್ಯೂಟರ್ ಕೆಟ್ಟಿತ್ತಲ್ಲ."

"ಅದು ಕೆಟ್ಟಿತ್ತು, ಸರಿ. ನಿಮ್ಮ ಬಾಯಿಗೇನಾಗಿತ್ತು ರೀ?"