ಮಾವನವರಿಗೊಂದು ರಾಕೆಟ್ಟು

ನಮ್ಮ ಮಾವನವರು ಅತ್ತೆಯನ್ನು ನೋಡಿ ಒಪ್ಪಿದ್ದು ಉಪ್ಪಿಟ್ಟು ತಿಂದು ಕಾಫಿ ಕುಡಿಯುವಷ್ಟರಲ್ಲಂತೆ. ಒಂದು ಬ್ಯಾಡ್ಮಿಂಟನ್ ರಾಕೆಟ್ಟನ್ನು ಒಪ್ಪುವುದಕ್ಕೆ ಮಾತ್ರ ಎರಡು ತಿಂಗಳು ತೆಗೆದುಕೊಂಡರು! "ಆವತ್ತೂ ಇಷ್ಟೇ ಹುಡುಕಿದ್ದಿದ್ರೆ ನಾನು ಬಚಾವಾಗ್ತಿದ್ದೆ" ಎನ್ನುತ್ತಾರೆ ಅತ್ತೆ.

ತಪ್ಪು ನನ್ನದೇ. ಮದುವೆಯಾಗಿ ಜಯನಗರದ ಈ ಮನೆಗೆ ಬಂದ ಮೇಲೆ ನನಗೆ ಆಟ ಕಲಿಸಿದವರು ಮಾವ. ದಿನಾ ಬೆಳಿಗ್ಗೆ ಆರಕ್ಕೆ ಮಾವ-ಸೊಸೆ ಜೋಡಿ ಹತ್ತಿರದ ಶಟಲ್ ಕೋರ್ಟಿನಲ್ಲಿ ಡಬಲ್ಸ್ ಆಡುತ್ತಿತ್ತು. ಒಂದು ದಿನ ಇಬ್ಬರ ನಡುವೆ ಬಂದ ಶಟಲ್‌ಗೆ ಇಬ್ಬರೂ ರಾಕೆಟ್ ಬೀಸಿದೆವು. ಶಟಲ್ ನೆಲಕ್ಕೆ ಬಿತ್ತು, ಮಾವನವರ ಹದಿನಾರು ವರ್ಷದ ರಾಕೆಟ್ಟು ಬಿರಿಯಿತು. ನಾನು ಅಳುಮುಖ ಮಾಡಿ ನಿಂತೆ. "'ನಂದು' ಅಂತ ಕೂಗ್ಬೇಕಮ್ಮಾ" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು!

ಹೊಸ ರಾಕೆಟ್ ಸಿಗುವ ತನಕ ಕೋರ್ಟಿಗೆ ಬರುವುದಿಲ್ಲ ಎಂದು ಕೂತುಬಿಟ್ಟರು. ಬೇರೆಯವರದ್ದು ತೆಗೆದುಕೊಂಡು ಆಡಬಹುದಲ್ಲ? ಛೇ, ಅದು ಪಕ್ಕದ ಮನೆಯವರ ಹಲ್ಲುಸೆಟ್ಟು ಹಾಕಿಕೊಂಡ ಹಾಗಂತೆ! ನಾನೊಬ್ಬಳೇ ಹೋಗಿ ಯಾರ್ಯಾರ ಜೊತೆಗೋ ಆಡಿ ಬರುತ್ತಿದ್ದೆ. ಗೇಟಿನಲ್ಲೇ ನಿಂತು "ಎಷ್ಟಕ್ಕೆ ಸೋತ್ರಿ?" ಎಂದು ಕೇಳುವರು. ಅವರನ್ನು ಮತ್ತೆ ಕೋರ್ಟಿಗೆ ಇಳಿಸದಿದ್ದರೆ ನನಗೆ ಅನ್ನ ಸೇರುವ ಹಾಗಿರಲಿಲ್ಲ.

ಸರಿ, ಪ್ರತಿ ಭಾನುವಾರ ನನ್ನ ಸ್ಕೂಟರಿನ ಹಿಂದೆ ಮಾವ. ಅವರು ರಾಕೆಟ್ ನೋಡುವ ಕ್ರಮವನ್ನು ನೀವು ನೋಡಬೇಕಿತ್ತು! ಮೊದಲು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚುವರು. ಬಣ್ಣ ನೋಡಿದರೆ ಮನಸ್ಸು ಕೆಡುತ್ತದಂತೆ. ರಾಕೆಟ್ಟನ್ನು ತೋರುಬೆರಳಿನ ಮೇಲೆ ಅಡ್ಡ ನಿಲ್ಲಿಸಿ ತೂಕ ಯಾವ ಕಡೆ ಎಂದು ನೋಡುವರು. ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯ ಹಾಗೆ ಬಡಿಯುವರು. ಜೇಬಿನಿಂದ ಹಳೇ ಶಟಲ್ ತೆಗೆದು ಹತ್ತು ಸಲ ಪುಟಿಸುವರು. ಆಮೇಲೆ ತೀರ್ಪು.

"ಸ್ಮ್ಯಾಶ್‌ಗಾ ಡಿಫೆನ್ಸ್‌ಗಾ ಅಂಕಲ್?" ಎಂದು ಕೇಳಿದ ಜೆ.ಪಿ. ನಗರದ ಅಂಗಡಿಯವನು.

"ಎರಡಕ್ಕೂ. ಡ್ರಾಪೂ ಹಾಕ್ಬೇಕು. ಆದ್ರೆ ಫೀಲ್ ಇರ್ಬೇಕು."

"ಫೀಲ್ ಅಂದ್ರೆ?"

"ಶಟಲ್ ತಾಗಿದ್ದು ಕೈಗೆ ತಿಳೀಬೇಕು ಕಣಪ್ಪಾ!"

ಅಲ್ಲಿನ ರಾಕೆಟ್ಟುಗಳಿಗೆಲ್ಲ ತಲೆ ಭಾರ. ಬನಶಂಕರಿಯವಕ್ಕೆ ತಲೆಯೇ ಇಲ್ಲ. ಬಿಟಿಎಂನ ಅಂಗಡಿಯವನು ಮಹಾ ಕಿಲಾಡಿ, ಮಾವ ಕಣ್ಣು ಮುಚ್ಚಿದ್ದಾಗ ಒಂದೇ ರಾಕೆಟ್ಟನ್ನು ಎರಡು ಸಲ ಕೈಗಿತ್ತ. ಮೊದಲ ಸಲ "ಫೀಲ್ ಇಲ್ಲ" ಎಂದರು. ಎರಡನೇ ಸಲ, "ಇದು ಅದಕ್ಕಿಂತ ಪರವಾಗಿಲ್ಲ. ಆದ್ರೂ ಫೀಲ್ ಇಲ್ಲ!" ಮನೆ ತಲುಪುವ ತನಕ ನಾನು ನಗು ತಡೆದುಕೊಂಡಿದ್ದು ಹೇಗೋ ದೇವರಿಗೇ ಗೊತ್ತು.

ಆಗಲೇ ನನಗೂ ಒಂದು ಕಿಲಾಡಿತನ ಹೊಳೆಯಿತು. ಬಿರಿದ ಹಳೇ ರಾಕೆಟ್ಟನ್ನು ಗುಟ್ಟಾಗಿ ರಿಪೇರಿ ಮಾಡಿಸಿದೆ. ಅಂಟಿಸಿದ್ದು ಎಂದು ಗೊತ್ತಾದರೆ ಮಾವ ಮುಟ್ಟುವವರಲ್ಲ. ಅದಕ್ಕೆ ಬಣ್ಣ ಬಳಿಸಿ, ಹೊಸ ಗ್ರಿಪ್ ಸುತ್ತಿಸಿ, ಜಯನಗರದ ಅಂಗಡಿಯವನ ಕೈಗೆ ಮೊದಲೇ ಕೊಟ್ಟಿದ್ದೆ. ಭಾನುವಾರ ಮಾವ ಕಣ್ಣು ಮುಚ್ಚಿದರು. ಬೆರಳ ಮೇಲೆ ನಿಲ್ಲಿಸಿದರು, ಬಡಿದರು, ಪುಟಿಸಿದರು.

"ಇದೂ ಬೇಡಪ್ಪಾ. ಏನೂ ತಿಳೀತಿಲ್ಲ."

"ಮಾವ, ಕಣ್ಣು ಬಿಡಿ! ಅದು ನಿಮ್ದೇ!" ಎಂದು ನಾನು ಚಪ್ಪಾಳೆ ತಟ್ಟಿ ನಕ್ಕೆ.

ಅವರು ನಗಲಿಲ್ಲ. ರಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ರಿಪೇರಿ ಆದ್ಮೇಲೆ ಫೀಲ್ ಬದಲಾಗುತ್ತೆ ಅಂಕಲ್" ಎಂದು ಅಂಗಡಿಯವನು ಸಂಭಾಳಿಸಲು ನೋಡಿದ. ಮಾವ ಅದಲ್ಲವೆನ್ನುವಂತೆ ತಲೆಯಾಡಿಸಿ, ಬಲಗೈಯನ್ನು ನನ್ನ ಮುಂದೆ ಚಾಚಿದರು.

"ಶುಗರ್ ಅಮ್ಮಾ. ಒಂದು ವರ್ಷದಿಂದ ಈ ಬೆರಳೆಲ್ಲ ಜೋಮು ಹಿಡಿದ ಹಾಗೇ ಇದೆ. ರಾಕೆಟ್ ಹಳೇದಾಯ್ತು, ಅದಕ್ಕೇ ಏನೂ ತಿಳೀತಿಲ್ಲ ಅಂದ್ಕೊಂಡೆ. ಆವತ್ತು ನೀನು ಮುರಿದಾಗ ಒಳಗೊಳಗೇ ಖುಷಿಯಾಯ್ತು ಕಣಮ್ಮಾ. ಹೊಸಾದ್ರಲ್ಲಿ ಬರುತ್ತೆ ಅಂತ."

ಎರಡು ತಿಂಗಳಿಂದ ಯಾವುದಕ್ಕೆ ನಗುತ್ತಿದ್ದೆ ನಾನು! ಗೋಡೆಯ ಮೇಲಿನ ಒಂದು ರಾಕೆಟ್ ತೆಗೆದೆ. ನಾನೇ ಕಣ್ಣು ಮುಚ್ಚಿ, ಬೆರಳ ಮೇಲೆ ನಿಲ್ಲಿಸಿ, ಅವರ ಶಟಲ್ ಪುಟಿಸಿ ನೋಡಿದೆ. ಅದಾಗಲಿಲ್ಲ. ಇನ್ನೊಂದೂ ಆಗಲಿಲ್ಲ. ನಾಲ್ಕನೆಯದು ಸರಿಹೋಯಿತು.

"ತಲೆ ಭಾರ ಇಲ್ಲ ಮಾವ. ತಾಗಿದ್ದು ಮಣಿಕಟ್ಟಿನ ತನಕ ತಿಳೀತಿದೆ."

"ನಿಜವಾಗ್ಲೂ ತಿಳೀತಿದ್ಯಾ?"

"ಹೂಂ."

"ಹಾಗಾದ್ರೆ ಅದೇ ಕೊಡಪ್ಪಾ" ಎಂದರು. ಮುಟ್ಟಿ ಕೂಡ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಕೋರ್ಟಿಗಿಳಿದರು. ಮೊದಲ ಡ್ರಾಪ್ ಹಾಕಿದಾಗಲೇ ಟಕ್ಕೆಂದಿತು. ಶಟಲ್ ಹೇಗೋ ಎಡವುತ್ತಾ ನೆಟ್ ದಾಟಿ ಬಿತ್ತು. ಅವರು ನನ್ನತ್ತ ತಿರುಗಿ, "ಹೇಗ್ ತಾಗ್ತು?" ಎಂದರು.

"ಸರಿಯಾಗಿ ಮಧ್ಯಕ್ಕೆ ಮಾವ."

"ಸುಳ್ಳು ಹೇಳ್ಬೇಡಮ್ಮಾ, ಸದ್ದು ಕೇಳಿಸ್ತು. ನೀನು ನಿಜ ಹೇಳಿದ್ರೆ ತಾನೇ ನಾನು ಇನ್ನೂ ಆಡೋಕಾಗೋದು?"

ಕಣ್ಣು ಮಂಜಾಯಿತು. ಟೀ ಶರ್ಟಿನ ತೋಳಿನಲ್ಲೇ ಒರೆಸಿಕೊಂಡು, "ಫ್ರೇಮಿಗೆ ತಾಗ್ತು ಮಾವ, ಒಂಚೂರು ಮುಂದೆ ಬಂದು ಹೊಡೀರಿ" ಎಂದೆ. ಒಂದು ಹೆಜ್ಜೆ ಮುಂದೆ ಬಂದು ನಿಂತರು.