ರಿವರ್ಸ್ ಬಾರದ ಮಾಮಾ ಮತ್ತು ಮಿಲಿಟರಿ ಟ್ರೇಲರು

ಹಾರೂಗೇರಿಯಿಂದ ರಾಯಬಾಗಕ್ಕೆ ಹೋದವರು ಹೋದ ದಾರಿಯಲ್ಲೇ ತಿರುಗಿ ಮನೆಗೆ ಬರುತ್ತಾರೆ. ಅದು ಲೋಕದ ರೂಢಿ. ಆದರೆ ರಾಯಬಾಗಕ್ಕೆ ಹೋಗಿ, ಒಂದು ಕಿಲೋ ಹಸಿಮೆಣಸಿನಕಾಯಿ ಕೊಂಡು, ಕುಡಚಿ ದಾಟಿ, ಅಥಣಿ ಸುತ್ತಿ, ಮೆಣಸಿನಕಾಯಿ ಬಾಡುವ ಹೊತ್ತಿಗೆ ಹಾರೂಗೇರಿ ಸೇರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ನಮ್ಮ ಪುಣ್ಯ ನೋಡಿ, ಅವರು ನಮಗೇ ಸೋದರಮಾವ ಆಗಬೇಕೆ!

ಹುಚ್ಚರೇ ಎಂದು ಕೇಳಬೇಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಸಂಗತಿ ಇಷ್ಟೇ: ಅವರ ಪಿಕಪ್ಪಿನ ಹಿಂದೆ ಒಂದು ಮಿಲಿಟರಿ ಟ್ರೇಲರ್ ಇದೆ, ಮತ್ತು ಅದನ್ನು ಹಿಂದಕ್ಕೆ ಓಡಿಸಲು ಅವರಿಗೆ ಬರುವುದಿಲ್ಲ. ಹಾಗಾಗಿ ಅವರ ಎಲ್ಲ ಪ್ರಯಾಣಗಳೂ ಗುಂಡಗಿರುತ್ತವೆ.

ಈ ಟ್ರೇಲರ್ ಬಂದ ಕತೆಯನ್ನು ಮೊದಲು ಕೇಳಿ. ಮಾಮಿ ಅವರನ್ನು ನಿಪ್ಪಾಣಿಗೆ ಕಳಿಸಿದ್ದು ಮನೆಯಲ್ಲಿಡುವ ಸಣ್ಣ ಹಿಟ್ಟಿನ ಗಿರಣಿ ತರಲು. ಅಲ್ಲಿ ಯಾರೋ ವ್ಯಾಪಾರಿ, ಸೈನ್ಯದವರು ಬೇಡವೆಂದು ಲಿಲಾವು ಹಾಕಿದ ಸಾಮಾನು ತಂದು ಬಯಲಲ್ಲಿ ನಿಲ್ಲಿಸಿದ್ದನಂತೆ. ಅದರ ನಡುವೆ ಇದು. ಹಸಿರು ಬಣ್ಣ, ಮಾಮಾನ ಸೊಂಟದೆತ್ತರದ ಎರಡು ಗಾಲಿ, ಮೇಲೆ ಕಮಾನು, ಕಮಾನಿಗೆ ತಾಡಪತ್ರಿ. ಮೈಮೇಲೆ ಬಿಳಿ ಬಣ್ಣದ ಅಂಕಿಗಳು ಬೇರೆ! ಅಂಕಿ ಕಂಡರೆ ಗಣಿತದ ಮಾಸ್ತರರು ಸುಮ್ಮನೆ ಮುಂದೆ ಹೋಗುತ್ತಾರೆಯೇ?

"ಗಿರಣಿ ಎಲ್ಲೈತ್ರಿ?" ಎಂದು ಮಾಮಿ ಅಂಗಳದಲ್ಲೇ ಕೇಳಿದರು.

"ಒಂದು ಗಿರಣಿ ಏನ ಮಹಾ! ಇದರಾಗ ಅಂಥಾವು ಇಪ್ಪತ್ತು ಹಿಡಸ್ತಾವು ನೋಡು."

"ಹಿಡಸ್ತಾವು, ಖರೆ. ಒಂದೂ ಇಲ್ಲಲ್ಲ!"

ನಿಪ್ಪಾಣಿಯಿಂದ ಹಾರೂಗೇರಿಯ ತನಕ ಅದನ್ನು ಸರಪಳಿ ಕಟ್ಟಿ ಎಳೆದು ತಂದಿದ್ದರು. ಬ್ರೇಕ್ ಒತ್ತಿದಾಗಲೆಲ್ಲ ಅದು ಹಿಂದಿನಿಂದ ಬಂದು ಪಿಕಪ್ಪಿಗೆ ಗುದ್ದುತ್ತಿತ್ತು. ಹೀಗೇಕೆ ಗುದ್ದುತ್ತದೆ ಎಂದು ದಾರಿಯಲ್ಲಿ ಯಾರೋ ಕೇಳಿದ್ದಕ್ಕೆ, "ಗುದ್ದಾಕತ್ತಿಲ್ಲೋ, ಹುಷಾರಾಗಿ ಹೋಗು ಅಂತ ಬೆನ್ನ ತಟ್ಟಾಕತ್ತೈತಿ" ಎಂದರಂತೆ. ಪಿಕಪ್ಪಿನ ಹಿಂದಿನ ತಗಡು ಆ ಒಂದೇ ದಿನದಲ್ಲಿ ರೊಟ್ಟಿಯ ಹಾಗೆ ಚಪ್ಪಟೆಯಾಯಿತು.

ಟ್ರೇಲರಿನ ಮೂತಿಗೆ ದಪ್ಪ ಉಕ್ಕಿನ ಕಡಗವೊಂದಿದೆ. ಅದನ್ನು ಹಿಡಿಯುವಂಥ ಕೊಕ್ಕೆ ಸೈನ್ಯದ ಲಾರಿಗೆ ಇರುತ್ತದೆಯೇ ಹೊರತು ಬಡ ಪಿಕಪ್ಪಿಗೆ ಎಲ್ಲಿಂದ ಬರಬೇಕು? ಊರಿನ ವೆಲ್ಡಿಂಗ್ ಮಿಸ್ತ್ರಿ ಚಾಚಾ ಎರಡು ದಿನ ಯೋಚಿಸಿ ಒಂದು ಕೊಕ್ಕೆ ಮಾಡಿ ಕೂಡಿಸಿದ. ಮೊದಲ ಗುಂಡಿಯಲ್ಲೇ ಕಡಗ ಅದರಿಂದ ಹಾರಿ, ಟ್ರೇಲರ್ ಸ್ವತಂತ್ರವಾಗಿ ಯಾರದೋ ಕಬ್ಬಿನ ಹೊಲಕ್ಕೆ ಇಳಿಯಿತು. ಚಾಚಾನಿಗೆ ಅವಮಾನವಾಯಿತು. ಕಡಗವನ್ನು ಒಳಗಿಟ್ಟು ಕೊಕ್ಕೆಯ ಬಾಯಿಯನ್ನೇ ವೆಲ್ಡಿಂಗ್ ಮಾಡಿ ಮುಚ್ಚಿಬಿಟ್ಟ.

"ಸರ, ಇನ್ನ ಬಿಚ್ಚಂಗಿಲ್ರಿ ಇದು. ನಾನ ಬಿಚ್ಚತೇನಂದ್ರೂ ಬಿಚ್ಚಂಗಿಲ್ಲ."

ಮಾಮಾ ಅವನ ಬೆನ್ನು ತಟ್ಟಿದರು. ಅಂದಿನಿಂದ ಪಿಕಪ್ಪೂ ಟ್ರೇಲರೂ ಹಸೆಮಣೆ ಏರಿದ ಜೋಡಿ. ಕ್ಷೌರಕ್ಕೆ ಹೋದರೂ ಎರಡೂ ಹೋಗಬೇಕು.

ದೀಪದ್ದು ಇನ್ನೊಂದು ರಗಳೆ. ಸೈನ್ಯದ ಬಲ್ಬು ಇಪ್ಪತ್ನಾಲ್ಕು ವೋಲ್ಟಿನದು, ಪಿಕಪ್ಪಿನ ಬ್ಯಾಟರಿ ಹನ್ನೆರಡರದು. ಅರ್ಧ ಹೊಟ್ಟೆಯಲ್ಲಿ ಬಲ್ಬು ಎಷ್ಟು ಉರಿದೀತು? ಹೊತ್ತು ಮುಳುಗುವಾಗ ಚಿಕ್ಕೋಡಿಯಲ್ಲಿ ಪೊಲೀಸರೊಬ್ಬರು ಕೈ ಮಾಡಿ ನಿಲ್ಲಿಸಿದರು.

"ಹಿಂದಿನ ಲೈಟ್ ಹತ್ತಂಗಿಲ್ಲೇನ್ರಿ ಮಾಸ್ತರ?"

"ಹತ್ಯಾವ್ರಿ. ಕೈ ಮರೆ ಮಾಡಿ ಸನೇಕ ಬಂದು ನೋಡ್ರಿ, ಕಾಣಸ್ತಾವು. ಶತ್ರುಗೆ ದೂರಿಂದ ಕಾಣಬಾರದು ಅಂತ ಸೈನ್ಯದವರು ಹಂಗ ಮಾಡ್ಯಾರ."

"ಚಿಕ್ಕೋಡ್ಯಾಗ ಶತ್ರು ಯಾರದಾರ್ರಿ?"

"ಇಲ್ಲಂತ ತಯಾರಿ ಬಿಡಾಕ ಬರತೈತೇನ್ರಿ?"

ಪೊಲೀಸರು ನಕ್ಕು, ಬಲ್ಬು ಬದಲಿಸಿಕೊಂಡೇ ಮುಂದೆ ಹೋಗಿ ಎಂದರು. ಬಲ್ಬು ಬದಲಾಯಿತು. ರಿವರ್ಸನ್ನು ಬದಲಿಸುವ ಅಂಗಡಿ ಮಾತ್ರ ಯಾವ ಊರಲ್ಲೂ ಸಿಗಲಿಲ್ಲ.

ನಮ್ಮ ಸೀಮೆ ಎಂಥದ್ದು? ಕಬ್ಬಿನ ಸೀಮೆ. ಇಲ್ಲಿ ಗಂಡಸರು ಕಬ್ಬು ಹೇರಿದ ಟ್ರಾಲಿಯನ್ನು ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಸಂದಿಗೊಂದಿಯೊಳಗೆ ಹಿಂದಕ್ಕೆ ತೂರಿಸುತ್ತಾರೆ. ಇಂಥ ನೆಲದಲ್ಲಿ ಹುಟ್ಟಿ ಟ್ರೇಲರ್ ರಿವರ್ಸ್ ಬರುವುದಿಲ್ಲ ಎನ್ನುವುದು ಬಾಯಿ ಬಿಟ್ಟು ಹೇಳುವ ಮಾತೇ? ಕಾಗವಾಡದ ಒಂದು ಪೆಟ್ರೋಲ್ ಪಂಪಿನಲ್ಲಿ ಮಾಮಾ ತಪ್ಪು ಕಡೆಯಿಂದ ಒಳಗೆ ಹೋಗಿ, ಹಿಂದಕ್ಕೆ ಬರಲು ನೋಡಿದರು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗಿ, ಪಿಕಪ್ಪೂ ಟ್ರೇಲರೂ ಅಡಕತ್ತರಿಯ ಹಾಗೆ ಮಡಚಿಕೊಂಡು ನಿಂತವು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮಾಮಾ ಕೆಳಗಿಳಿದು, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ತ್ರಿಕೋನ ಬರೆದು, ಕೋನಗಳಿಗೆ ಹೆಸರಿಟ್ಟು, ಐದು ನಿಮಿಷ ನೋಡಿದರು. ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿದ್ದವು.

"ಲೆಕ್ಕ ಬರೋಬರಿ ಐತಿ," ಎಂದರು ಮಾಮಾ. "ಗಾಡಿಗೆ ತಿಳಿವಲ್ದು."

ಕೊನೆಗೆ ಎಂಟು ಜನ ಟ್ರೇಲರನ್ನು ಅಕ್ಷರಶಃ ಎತ್ತಿ ತಿರುಗಿಸಿದರು. ಅಂದಿನಿಂದ ಶುರುವಾಯಿತು ನೋಡಿ, ಈ ಗುಂಡು ಪ್ರಯಾಣದ ವ್ರತ. ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ವಧೂವರರ ಹೆಸರು ಓದುವ ಮೊದಲೇ, "ಮಂಟಪಕ್ಕ ಎಷ್ಟು ಗೇಟ್ ಅದಾವು?" ಎಂದು ಕೇಳುವುದು. ಎರಡಿದ್ದರೆ ಮದುವೆಗೆ ಬರುತ್ತಾರೆ. ಅಥಣಿಯ ಒಂದು ಮದುವೆಗೆ ಒಂದೇ ಗೇಟು. ಅಕ್ಷತೆಯನ್ನು ರಸ್ತೆಯಲ್ಲಿ ನಿಂತೇ ಕಾಂಪೌಂಡಿನ ಆಚೆ ಎಸೆದರು. ಅದು ಬಿದ್ದದ್ದು ಅಡಿಗೆಯವರ ಸಾರಿನಲ್ಲಿ.

ಇಷ್ಟಾದರೂ ನಾವು ನಗುತ್ತಲೇ ಇದ್ದೆವು. ನಗು ನಿಂತದ್ದು ನಾಗರ ಪಂಚಮಿ ಹಬ್ಬಕ್ಕೆ.

ನಮ್ಮ ಮನೆ ಇರುವುದು ಶೇಡಬಾಳದಲ್ಲಿ. ಮುಖ್ಯ ರಸ್ತೆಯಿಂದ ಒಂದು ಸಪೂರ ಓಣಿ ಹೊರಟು ನಮ್ಮ ಬಾಗಿಲಿಗೆ ಬಂದು ಮುಗಿಯುತ್ತದೆ. ಮುಂದೆ ದಾರಿಯೂ ಇಲ್ಲ, ತಿರುಗಲು ಜಾಗವೂ ಇಲ್ಲ. ಪಂಚಮಿಗೆ ತವರಿನವರು ಹೆಣ್ಣುಮಗಳನ್ನು ಬಾಗಿಲಿಗೆ ಬಂದು ಕರೆಯಬೇಕು. ನಲವತ್ತು ವರ್ಷದಿಂದ ಮಾಮಾ ಬಸ್ಸಿಗೋ ಮೋಟಾರ್ ಸೈಕಲ್ಲಿಗೋ ಬಂದು, ಹೊಸ್ತಿಲ ಹತ್ತಿರ ನಿಂತು, ನಮ್ಮ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದರು. ಟ್ರೇಲರ್ ಬಂದ ವರ್ಷ, ಅಕ್ಕನನ್ನು ಅದರಲ್ಲೇ ಕರೆದೊಯ್ಯುವ ಹುಮ್ಮಸ್ಸಿನಲ್ಲಿ, ಓಣಿಯ ತುದಿಯಲ್ಲಿ, ಮುಖ್ಯ ರಸ್ತೆಯ ಮೇಲೆ ನಿಂತು ಹಾರ್ನ್ ಹೊಡೆದರು!

ಅವ್ವ ಒಳಗೆ ಶೇಂಗಾದ ಉಂಡಿಯ ಡಬ್ಬಿ ಕಟ್ಟಿಕೊಂಡು ತಯಾರಾಗಿ ಕೂತಿದ್ದಳು. ಹಾರ್ನ್ ಕೇಳಿತು, ತಮ್ಮ ಕಾಣಲಿಲ್ಲ.

"ಗುಜರಿಯವ ಬಂದಿರಬೇಕು," ಎಂದಳು. "ಹಳೇ ತಗಡ ಇದ್ರ ಕೊಟ್ಟ ಕಳಸು."

ನಾನು ಓಣಿಯ ತುದಿಗೆ ಓಡಿದೆ. "ಮಾಮಾ, ಒಳಗ ಬರ್ರಿ, ಅವ್ವ ಸಿಟ್ಟಾಗ್ಯಾಳ."

"ಒಳಗ ಬಂದ್ರ ಹೊರಗ ಹೆಂಗ ಹೋಗ್ಲೋ? ಆಕೀನ ಬಾ ಅನ್ನು."

"ಗಾಡಿ ಇಲ್ಲೇ ಬಿಟ್ಟು ನಡಕೋತ ಬರ್ರಿ."

"ಹಿಂದ ಬಸ್ ನಿಂತಾವು, ಕಾಣವಲ್ದೇನು? ನಾ ಇಳದ್ರ ಮಿರಜ ತನಕ ದಾರಿ ಬಂದ್ ಆಗತೈತಿ!"

ಹೀಗೆ ನಾನು ಆರು ಸಲ ಓಡಾಡಿದೆ. ಏಳನೆಯ ಸಲ ಹೋದಾಗ ಅಲ್ಲಿ ಮಾಮಾ ಇರಲಿಲ್ಲ. ಹಿಂದಿನ ಬಸ್ಸು ಅವರನ್ನು ಹಾರ್ನ್ ಹೊಡೆಯುತ್ತಲೇ ಮುಂದಕ್ಕೆ ಓಡಿಸಿಕೊಂಡು ಹೋಗಿತ್ತು. ಅವ್ವ ಚೀಲ ಬಿಚ್ಚಿ, ಹೊಸ ಸೀರೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಮೋಟಾರ್ ಸೈಕಲ್ ಮೇಲೆ ನಾನೇ ಬಿಟ್ಟುಬರುತ್ತೇನೆ ಎಂದೆ.

"ಅವ್ವ ಅಪ್ಪ ಹೋದ ಮ್ಯಾಲ ನನಗ ತವರಂದ್ರ ಇವನೊಬ್ಬನ," ಎಂದಳು. "ಇವನೂ ರೋಡಿನ ಮ್ಯಾಲ ನಿಂತ್ರ ನನಗ ತವರೆಲ್ಲೈತಿ? ಬಾಗಲಕ್ಕ ಬಂದು ಕರದ್ರ ಹೋಗ್ತೇನಿ. ಇಲ್ಲಂದ್ರ ಇಲ್ಲ."

ಹಬ್ಬದ ದಿನ ಅವಳು ಉಂಡಿಯನ್ನು ಮುಟ್ಟಲಿಲ್ಲ. ನನಗೆ ಮಾಮಾನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಆ ಟ್ರೇಲರನ್ನು ಕೃಷ್ಣಾ ಹೊಳೆಗೆ ದಬ್ಬಬೇಕು ಎನ್ನಿಸಿತು. ಅಕ್ಕ ತಮ್ಮ ಇಬ್ಬರೂ ಫೋನ್ ಬಿಟ್ಟರು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯಾರೂ ಸೋಲಲಿಲ್ಲ. ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಹಟ ಒಂದು ಮುಷ್ಟಿ ಹೆಚ್ಚೇ ಬಂದಿದೆ.

ಬೇಸಿಗೆಯಲ್ಲಿ ಮಾಮಿ ನನಗೆ ಫೋನ್ ಮಾಡಿದರು. "ನಿಮ್ಮ ಮಾಮಾ ದಿನಾ ಮುಂಜಾನೆ ಗಾಡಿ ತಗೊಂಡು ಎಲ್ಲೋ ಹೋಗ್ತಾರ. ಎಲ್ಲಿ ಅಂದ್ರ ಟ್ಯೂಶನ್ ಅಂತಾರ. ಈ ವಯಸ್ಸಿನ್ಯಾಗ ಯಾರಿಗೆ ಟ್ಯೂಶನ್ನಪಾ?"

ನಾನು ಹೋಗಿ ನೋಡಿದೆ. ಊರ ಹೊರಗೆ, ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಎರಡು ಸಾಲು ಕಲ್ಲು ಜೋಡಿಸಿ ಒಂದು ಸುಳ್ಳು ಓಣಿ ಮಾಡಿದ್ದರು. ಅದರೊಳಗೆ ಹಸಿರು ಟ್ರೇಲರು ಕುಡಿದವರ ಹಾಗೆ ವಾಲಾಡುತ್ತ ಹಿಂದಕ್ಕೆ ಬರುತ್ತಿತ್ತು. ಬದುವಿನ ಮೇಲೆ ಒಬ್ಬ ದಪ್ಪ ಮೀಸೆಯ ಆಸಾಮಿ ಕೂತು ಕೂಗುತ್ತಿದ್ದ. ಅವನು ಕಬ್ಬಿನ ಟ್ರ್ಯಾಕ್ಟರ್ ಡ್ರೈವರು. ಹಿಂದೊಮ್ಮೆ ಮಾಮಾನ ಕೈಯಲ್ಲೇ ಗಣಿತ ಓದಿ ಮೂರು ಸಲ ಫೇಲಾದ ಶಿಷ್ಯ. ಸ್ವತಃ ಎರಡು ಮಕ್ಕಳ ತಂದೆ.

"ಸರ, ತ್ರಿಕೋನ ಬಿಡ್ರಿ, ಕನ್ನಡಿ ನೋಡ್ರಿ! ಏ ಏ ಏ... ಕೆಡವಿದ್ರಿ ನೋಡ್ರಿ ಕಲ್ಲ!"

"ಇನ್ನೊಮ್ಮೆ ಮಾಡ್ಲೇನೋ?"

"ಮಾಡ್ರಿ. ಆದ್ರ ಇವತ್ತು ನೀವು ನಪಾಸ."

ಮೂವತ್ತು ವರ್ಷ ಊರ ಮಕ್ಕಳ ಕಿವಿ ಹಿಂಡಿದ ಮನುಷ್ಯ ಬಿಸಿಲಲ್ಲಿ ಇಳಿದು, ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಜೋಡಿಸುತ್ತಿದ್ದರು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅವ್ವನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ನಾನು ಹೇಳಲಿಲ್ಲ.

ಈ ವರ್ಷದ ಪಂಚಮಿಯ ಮುಂಜಾನೆ ಓಣಿಯಲ್ಲಿ ಗದ್ದಲವೆದ್ದಿತು. ಹೊರಗೆ ಬಂದು ನೋಡಿದರೆ, ಟ್ರೇಲರು ತನ್ನ ಬೆನ್ನು ನಮ್ಮ ಕಡೆ ಮಾಡಿಕೊಂಡು ಗೇಣು ಗೇಣಾಗಿ ಬರುತ್ತಿದೆ! ಎರಡೂ ಕಡೆಯ ಮನೆಯವರು ಕಟ್ಟೆಯ ಮೇಲೆ ನಿಂತು "ಬರ್ಲಿ, ಬರ್ಲಿ, ಸ್ವಲ್ಪ ಬಲಕ್ಕ, ಏ ನಿಲ್ರಿ!" ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಎರಡು ಬಕೆಟ್ಟು, ಒಂದು ಮೆಟ್ಟಿಲು, ಯಾರದೋ ಕೋಳಿಪಂಜರ ಗಾಲಿಗೆ ಬಲಿಯಾದವು. ಮುಕ್ಕಾಲು ಗಂಟೆ ಬೇಕಾಯಿತು. ಕೊನೆಗೆ ಅದು ನಮ್ಮ ಕಟ್ಟೆಯಿಂದ ಒಂದು ಮೊಳ ದೂರ ಬಂದು ನಿಂತಿತು.

ನಾನು ಟ್ರೇಲರಿನ ಹಿಂಬಾಗಿಲು ಇಳಿಸಿದೆ. ಅದು ಸೇತುವೆಯ ಹಾಗೆ ನಮ್ಮ ಕಟ್ಟೆಯ ಮೇಲೆ ಕೂತಿತು. ಒಳಗೆ ತಾಡಪತ್ರಿಯ ನೆರಳಲ್ಲಿ, ನಮ್ಮಜ್ಜಿ, ಅಂದರೆ ಅವ್ವನ ಅವ್ವ, ಹೊಲಿದ ಹಳೆಯ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿತ್ತು, ಜೊತೆಗೊಂದು ದಿಂಬು. ಅವ್ವ ಬಾಗಿಲಲ್ಲಿ ನಿಂತು ಆ ಕೌದಿಯನ್ನು ಬಹಳ ಹೊತ್ತು ನೋಡಿದಳು.

ಆದರೆ ಕರೆಯಬೇಕಾದ ಮಾಮಾ ಎಲ್ಲಿ? ಅವರು ಕ್ಯಾಬಿನ್ನಿನಲ್ಲೇ ಇದ್ದರು. ಓಣಿ ಎಷ್ಟು ಸಪೂರವೆಂದರೆ ಗಾಡಿಯ ಬಾಗಿಲು ತೆರೆಯಲು ಬರುವಂತಿರಲಿಲ್ಲ. ಲೆಕ್ಕದಲ್ಲಿ ಅದೊಂದನ್ನು ಹಿಡಿದಿರಲಿಲ್ಲ ನಮ್ಮ ಮಾಸ್ತರರು!

"ಅಕ್ಕಾ," ಎಂದು ಅಲ್ಲಿಂದಲೇ ಕೂಗಿದರು. "ಬಾಗಲಕ್ಕ ಬಂದೇನಿ ಬೇ. ಇಳಿಯಾಕ ಬರವಲ್ದು. ನಡಿ, ಹಬ್ಬಕ್ಕ ಹೋಗೂಣು."

ಅವ್ವ ಒಳಗೆ ಹೋಗಿ ಹೊಸ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು ಬಂದಳು. ಹೊಸ್ತಿಲು ದಾಟಿ, ಕಟ್ಟೆ ದಾಟಿ, ಹಿಂಬಾಗಿಲ ಮೇಲೆ ಹೆಜ್ಜೆ ಇಟ್ಟು ಹೋಗಿ ಕೌದಿಯ ಮೇಲೆ ಕೂತಳು. ಡಬ್ಬಿಯಿಂದ ಒಂದು ಉಂಡಿ ತೆಗೆದು ನನ್ನ ಕೈಗೆ ಕೊಟ್ಟು, "ಅವಗ ಕೊಡು, ಹಸದಿರಬೇಕು" ಎಂದಳು.

ನಾನು ಟ್ರೇಲರ್ ದಾಟಿ, ಪಿಕಪ್ಪಿನ ಹಿಂಭಾಗ ದಾಟಿ, ಕಿಟಕಿಯಿಂದ ಕೈ ಒಳಗೆ ಹಾಕಿದೆ. ಮಾಮಾ ಉಂಡಿ ಇಸಿದುಕೊಂಡರು, ತಿನ್ನಲಿಲ್ಲ. ತಾಡಪತ್ರಿ ಅಡ್ಡವಾಗಿ ಅವರಿಗೆ ಹಿಂದಿನದೇನೂ ಕಾಣುತ್ತಿರಲಿಲ್ಲ.

"ಹತ್ತಿದಳೇನೋ?"

"ಹತ್ಯಾಳ ಮಾಮಾ."

"ಕಟ್ಟಿ ಮ್ಯಾಲಿಂದನ? ಕಾಲು ಓಣ್ಯಾಗ ಇಡಲಿಲ್ಲಲಾ?"

"ಇಲ್ಲ ಮಾಮಾ. ಬಾಗಲದಿಂದನ ಹತ್ತಿದಳು."

ಮಾಮಾ ತಲೆಯಾಡಿಸಿದರು. ಶರ್ಟಿನ ತೋಳಿನಿಂದ ಕಣ್ಣು ಒರೆಸಿಕೊಂಡು, ಗಾಡಿ ಚಾಲೂ ಮಾಡಿದರು.